ಗೆಣಸಿನಲ್ಲಿ ಕಾಯಿ ಕಂಡ ವರ್ಷ: ಹಳೇಬೀಡು ಕಡೆಯ ಒಂದು ಪ್ರಕರಣ ಅಧ್ಯಯನ

ನನ್ನ ಚಿಕ್ಕಮ್ಮನ ಹೊಲ ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಂದಿಷ್ಟು ಒಳಗೆ ಇದೆ. ಎರಡು ಎಕರೆ ಚಿಲ್ಲರೆ. ತೆಂಗು, ರಾಗಿ, ರಾಗಿಯ ನಡುವೆ ಅವರೆಯ ಸಾಲು, ಮಳೆ ಕೈ ಹಿಡಿದ ವರ್ಷ ಆಲೂಗಡ್ಡೆ. ಇವುಗಳ ಪಕ್ಕದಲ್ಲಿ ಕೆಂಪು ಮರಳುಮಣ್ಣಿನ ಎಂಟು ಗುಂಟೆಯ ಒಂದು ಪಟ್ಟಿ. ಅದು ಗೆಣಸಿಗೆ ಮೀಸಲು. ಸೆಪ್ಟೆಂಬರ್‌ನಲ್ಲಿ ಬಳ್ಳಿ ನೆಟ್ಟು ಸಂಕ್ರಾಂತಿಗೆ ಮುಂಚೆ ಅಗೆಯುವುದು ಆ ಮನೆಯ ಕ್ರಮ. ಎಳ್ಳುಬೆಲ್ಲ, ಕಬ್ಬು, ಬೇಯಿಸಿದ ಅವರೆಕಾಯಿ ಎಲ್ಲ ಇದ್ದು ಗೆಣಸೊಂದು ಇಲ್ಲದಿದ್ದರೆ ಅಲ್ಲಿ ಹಬ್ಬವಾದಂತಲ್ಲ.

ನಾನು ಹಾಸನದ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದರೆ ಸಂಜೆಯೊಳಗೆ ಆ ಹೊಲದಲ್ಲಿರುತ್ತೇನೆ. ಆ ಎಂಟು ಗುಂಟೆಯಲ್ಲಿ ಐದು ಹಂಗಾಮು ನಡೆದದ್ದನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪೌಷ್ಟಿಕಾಂಶ ಹೆಚ್ಚಿರುವ ಗೆಣಸೊಂದು ಹೊಲದಲ್ಲಿ ಗೆದ್ದು ಅಡುಗೆಮನೆಯಲ್ಲಿ ಹೇಗೆ ಸೋತಿತು, ಸೋತ ಮೇಲೆ ಏನನ್ನು ಬಿಟ್ಟುಹೋಯಿತು ಎಂಬುದಷ್ಟನ್ನೇ ಅದರಿಂದ ಹೆಕ್ಕಿ ಇಲ್ಲಿ ಹೇಳುತ್ತೇನೆ.

ಹೆಸರಿಲ್ಲದ ಬಳ್ಳಿ

ಮೊದಲ ಹಂಗಾಮಿನ ಜೂನ್‌ನಲ್ಲಿ ಊರಿನ ಮಹಿಳಾ ಸಂಘದ ಸಭೆಗೆ ಬಂದ ಯಾರೋ ನಾಲ್ಕೈದು ಕಂತೆ ಗೆಣಸಿನ ಬಳ್ಳಿ ಕೊಟ್ಟು ಹೋದರು. ಒಳಗೆ ಕಿತ್ತಳೆ ಬಣ್ಣವಿರುತ್ತದೆ, ಕಣ್ಣಿಗೆ ಒಳ್ಳೆಯದು, ಮಕ್ಕಳಿಗೆ ಕೊಡಿ ಎಂದಷ್ಟೇ ಹೇಳಿದರಂತೆ. ತಳಿಯ ಹೆಸರು ಕೇಳಿದ್ದಕ್ಕೆ 'ವಿಟಮಿನ್ ಗೆಣಸು' ಎಂಬ ಉತ್ತರ. ಇದು ಸಣ್ಣ ತಪ್ಪಲ್ಲ. ಬಳ್ಳಿಯಿಂದಲೇ ಮುಂದುವರಿಯುವ ಬೆಳೆಗೆ ಹೆಸರೇ ಜಾತಕ. ಹೆಸರು ಹೋದರೆ ಅದು ಎಲ್ಲಿ ಹುಟ್ಟಿತು, ಎಷ್ಟು ದಿನಕ್ಕೆ ಬರುತ್ತದೆ, ಯಾವುದಕ್ಕೆ ಬಗ್ಗುತ್ತದೆ ಎಂಬ ವಿವರಗಳೆಲ್ಲ ಜೊತೆಯಲ್ಲೇ ಹೋಗುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಇವತ್ತಿಗೂ 'ಅನಾಮಿಕ'.

ಚಿಕ್ಕಮ್ಮ ಆ ಕಂತೆಗಳನ್ನು ಬಾವಿಯ ಪಕ್ಕದ ಮಡಿಯಲ್ಲಿ ನೆಟ್ಟು, ಹಬ್ಬಿದ ಹಾಗೆಲ್ಲ ಕತ್ತರಿಸಿ ಮತ್ತೆ ನೆಟ್ಟು, ಸೆಪ್ಟೆಂಬರ್ ಹೊತ್ತಿಗೆ ಎರಡು ಗುಂಟೆಗೆ ಆಗುವಷ್ಟು ಮಾಡಿದರು. ಎರಡು ಅಡಿಗೊಂದು ಏರಿ, ಏರಿಯ ಮೇಲೆ ಗೇಣಿಗೊಂದು ತುಂಡು. ಈ ಲೆಕ್ಕದಲ್ಲಿ ಗುಂಟೆಗೆ ಎಂಟು ನೂರು ಚಿಲ್ಲರೆ ತುಂಡು ಹಿಡಿಯುತ್ತದೆ. ಉಳಿದ ಆರು ಗುಂಟೆಯಲ್ಲಿ ಎಂದಿನ ಊರ ಗೆಣಸು: ಕೆಂಪು ಸಿಪ್ಪೆ, ಬಿಳಿ ತಿರುಳು.

ಅಗೆದಾಗ ಅನಾಮಿಕವೇ ಮುಂದೆ. ಊರ ಗೆಣಸು ಮೂರು ಚೀಲ ತುಂಬಿದ ಜಾಗದಲ್ಲಿ ಅದು ನಾಲ್ಕು ತುಂಬಿತು. ಗಡ್ಡೆಗಳೂ ಒಂದೇ ಅಚ್ಚಿನವು, ಬೇರಿನ ಬಾಲ ಕಡಿಮೆ. ನಾನು ಖುಷಿಯಿಂದ ಫೋಟೋ ತೆಗೆದು ಶಾಲೆಯ ಮಕ್ಕಳಿಗೆ ತೋರಿಸಿಯೂ ಆಗಿತ್ತು.

ಸಂಕ್ರಾಂತಿಯ ಬೆಳಗ್ಗೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರು. ಊರ ಗೆಣಸನ್ನು ಮುರಿದರೆ ಹಿಟ್ಟು ಉದುರುತ್ತದೆ. ಬಾಯಿಗೆ ಹಾಕಿಕೊಂಡರೆ ಗಂಟಲು ಹಿಡಿದು ನೀರು ಕೇಳುತ್ತದೆ. ಅಲ್ಲಿಯವರು ಒಳ್ಳೆಯ ಗೆಣಸು ಎನ್ನುವುದು ಅದನ್ನೇ. ಅನಾಮಿಕವನ್ನು ಮುರಿಯಲು ಹೋದರೆ ಮುರಿಯಲೇ ಇಲ್ಲ. ಬೆರಳ ನಡುವೆ ಜಾರಿ ಸಿಪ್ಪೆಯಿಂದ ಆಚೆ ಬಂದಿತು, ಬೆಂದ ಕುಂಬಳದ ಹೋಳಿನ ಹಾಗೆ. ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಇದನ್ನು ಎಡೆಗಿಟ್ಟರೆ ದೇವರು ಚಮಚ ಕೇಳುತ್ತಾನೆ."

ಮನೆಯಲ್ಲಿದ್ದ ಎರಡು ವರ್ಷದ ಮೊಮ್ಮಗು ಮಾತ್ರ ಎರಡು ಗಡ್ಡೆ ತಿಂದು ಮೂರನೆಯದಕ್ಕೆ ಕೈ ಚಾಚಿತು. ಹಲ್ಲು ಪೂರ್ತಿ ಬಾರದವರಿಗೆ ಮೆತ್ತಗಿರುವುದೇ ಹಿತ. ಯಾರಿಗಾಗಿ ಇಂಥ ತಳಿ ಮಾಡುತ್ತಾರೋ ಆ ಮಗು ಒಪ್ಪಿಕೊಂಡಿತ್ತು. ಆದರೆ ಮುಂದಿನ ಸೆಪ್ಟೆಂಬರ್‌ನಲ್ಲಿ ಏನು ನೆಡಬೇಕೆಂದು ತೀರ್ಮಾನಿಸುವುದು ಮಗುವಲ್ಲ.

ಸಂತೆಯಲ್ಲಿ ಇನ್ನೊಂದು ರೀತಿ. ಕೊಳ್ಳುವವರು ನೋಡುವುದು ಸಿಪ್ಪೆಯನ್ನು. ಸಿಪ್ಪೆ ಕೆಂಪಗಿದ್ದುದರಿಂದ ಮೊದಲ ವಾರ ಎರಡು ಚೀಲ ಖರ್ಚಾಯಿತು. ಎರಡನೇ ವಾರ ಅದೇ ಗಿರಾಕಿಗಳು ಬಂದು, ಒಳಗೆಲ್ಲ ಕ್ಯಾರೆಟ್ ಇದ್ದ ಹಾಗಿದೆ, ಬಣ್ಣ ಹಾಕಿದ್ದೀರಾ ಎಂದು ಜಗಳ ತೆಗೆದರು. ಉಳಿದದ್ದು ಹಸುವಿಗೆ ಹೋಯಿತು.

ಬಣ್ಣಕ್ಕೂ ಹಿಟ್ಟಿಗೂ ಇರುವ ಜಗಳ

ಇದನ್ನು ಹಳ್ಳಿಯವರ ಹಟ ಎಂದು ಬಿಡುವಂತಿಲ್ಲ. ಗೆಣಸು ಹಿಟ್ಟಾಗಿರುವುದೋ ನೀರಾಗಿರುವುದೋ ಎನ್ನುವುದು ಅದರಲ್ಲಿ ಒಣ ಅಂಶ ಎಷ್ಟಿದೆ ಎಂಬುದರ ಮೇಲೆ ನಿಂತಿದೆ, ಒಣ ಅಂಶದ ಬಹುಪಾಲು ಪಿಷ್ಟ. ನಾನು ಎರಡರಿಂದಲೂ ನೂರು ನೂರು ಗ್ರಾಂ ತೆಳುವಾಗಿ ಹೆಚ್ಚಿ, ತಾರಸಿಯ ಮೇಲೆ ಒಣಗಿಸಿ, ಕೊನೆಗೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೂಗಿದೆ. ಊರ ಗೆಣಸಿನಲ್ಲಿ ಉಳಿದದ್ದು ಮೂರನೇ ಒಂದು ಭಾಗದ ಹತ್ತಿರ. ಅನಾಮಿಕದಲ್ಲಿ ಕಾಲು ಭಾಗಕ್ಕೂ ಕಡಿಮೆ. ಮನೆಯ ತಕ್ಕಡಿಯ ಲೆಕ್ಕ ಪ್ರಯೋಗಾಲಯದ ಲೆಕ್ಕವಲ್ಲ, ಆದರೂ ಚಿಕ್ಕಮ್ಮನ ನಾಲಿಗೆ ಹೇಳಿದ್ದನ್ನೇ ಅದೂ ಹೇಳಿತು.

ಕಿತ್ತಳೆ ಬಣ್ಣ ಬರುವುದು ಬೀಟಾ ಕ್ಯಾರೊಟಿನ್‌ನಿಂದ. ದೇಹ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಆ ವಿಟಮಿನ್ ಸಾಲದಿದ್ದರೆ ಇರುಳುಗಣ್ಣಿನಿಂದ ಶುರುವಾಗಿ ಮಕ್ಕಳ ರೋಗನಿರೋಧಕ ಶಕ್ತಿಯವರೆಗೆ ಪೆಟ್ಟು ಬೀಳುತ್ತದೆ. ನೇರಳೆ ಗೆಣಸಿನಲ್ಲೂ ಇದೇ ಇದೆ ಎಂದು ನಂಬಿರುವವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಇಲ್ಲ, ನೇರಳೆಗೆ ಕಾರಣ ಆಂಥೋಸಯನಿನ್. ಅದಕ್ಕೆ ಅದರದೇ ಗುಣಗಳಿವೆ, ಇರುಳುಗಣ್ಣಿಗೆ ಅದು ಮದ್ದಲ್ಲ.

ತಳಿವಿಜ್ಞಾನಿಗಳನ್ನು ದಶಕಗಳಿಂದ ಕಾಡಿದ ತೊಡಕು ಇದು: ಗೆಣಸಿನಲ್ಲಿ ಕ್ಯಾರೊಟಿನ್ ಏರಿದಂತೆ ಒಣ ಅಂಶ ಇಳಿಯುವುದೇ ಹೆಚ್ಚು. ಎರಡನ್ನೂ ಪ್ರಭಾವಿಸುವ ಜೀನ್‌ಗಳು ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಕುಳಿತಿರುವುದು ಇದಕ್ಕೆ ಒಂದು ಕಾರಣ. ಆಫ್ರಿಕಾದವರಿಗೂ ನಮ್ಮವರ ಹಾಗೆ ಹಿಟ್ಟು ಗೆಣಸೇ ಬೇಕು. ಅಮೆರಿಕದಿಂದ ಬಂದ ಕಿತ್ತಳೆ ಗೆಣಸನ್ನು ಅಲ್ಲಿಯೂ ಜನ ಮುಖ ಸಿಂಡರಿಸಿ ಪಕ್ಕಕ್ಕಿಟ್ಟರು. ಮೊಜಾಂಬಿಕ್‌ನಲ್ಲಿ ಮರಿಯಾ ಆಂಡ್ರೇಡ್, ಉಗಾಂಡಾದಲ್ಲಿ ರಾಬರ್ಟ್ ಮ್ವಾಂಗಾ ಆ ಜನರ ಬಾಯಿಗೂ ಆ ನೆಲದ ಬರಕ್ಕೂ ಹೊಂದುವ ಕಿತ್ತಳೆ ತಳಿಗಳನ್ನು ಮಾಡಿದ ಮೇಲೆಯೇ ಅದು ಹೊಲಕ್ಕಿಳಿದದ್ದು. ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಈ ಇಬ್ಬರಿಗೆ, ಅದೇ ಕೇಂದ್ರದ ಜಾನ್ ಲೋ ಮತ್ತು ಪೌಷ್ಟಿಕ ಬೆಳೆಗಳ ಕೆಲಸ ಕಟ್ಟಿದ ಹೊವಾರ್ತ್ ಬೌಯಿಸ್ ಅವರೊಂದಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂದಿತು.

ನಮ್ಮಲ್ಲಿ ಈ ಕೆಲಸ ನಡೆಯುವುದು ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ಅದರ ಪ್ರಾದೇಶಿಕ ಕೇಂದ್ರ ಭುವನೇಶ್ವರದಲ್ಲಿದೆ. 2017ರಲ್ಲಿ ಹೊರಬಂದ ಭೂ ಸೋನಾ ಎಂಬ ತಳಿಯ ನೂರು ಗ್ರಾಂ ಗಡ್ಡೆಯಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಇದೆ. ಸಾಮಾನ್ಯವಾಗಿ ಬೆಳೆಯುವ ತಳಿಗಳಲ್ಲಿ 2ರಿಂದ 3. ಇಳುವರಿ ಹೆಕ್ಟೇರಿಗೆ 19.8 ಟನ್, ನಮ್ಮ ಅಳತೆಯಲ್ಲಿ ಗುಂಟೆಗೆ ಎರಡು ಕ್ವಿಂಟಲ್. ನನ್ನ ಕಣ್ಣು ನೆಟ್ಟದ್ದು ಇವೆರಡರ ಮೇಲಲ್ಲ, ಮೂರನೆಯ ಅಂಕಿಯ ಮೇಲೆ: ಒಣ ಅಂಶ ಶೇಕಡಾ 27ರಿಂದ 29. ಅಂದರೆ ಬಣ್ಣವನ್ನೂ ಹಿಟ್ಟನ್ನೂ ಒಂದೇ ಗಡ್ಡೆಯಲ್ಲಿ ಕೂರಿಸಲು ಸಾಧ್ಯವಾಗಿದೆ. ಐದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 500 ಮೈಕ್ರೋಗ್ರಾಂ ವಿಟಮಿನ್ ಎ ಬೇಕು. 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್‌ಗೆ 1 ಮೈಕ್ರೋಗ್ರಾಂ ವಿಟಮಿನ್ ಎ ಎಂದು ಲೆಕ್ಕ. ಬೇಯಿಸುವಾಗ ಐದನೇ ಒಂದು ಭಾಗ ಹೋಯಿತೆಂದುಕೊಂಡರೂ ಇಂಥ ಗೆಣಸಿನ 60 ಗ್ರಾಂ ಸಾಕು. ಒಂದು ಚಮಚ ತುಪ್ಪ ಜೊತೆಗಿದ್ದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಹಾಗಾದರೆ ಆ ಬಳ್ಳಿಯನ್ನೇ ತಂದು ನೆಡಬಾರದಿತ್ತೇ? ತರಿಸಿದೆ. ಕೇರಳದಲ್ಲಿದ್ದ ಪರಿಚಿತರೊಬ್ಬರು ಹಸಿ ಗೋಣಿಯಲ್ಲಿ ಸುತ್ತಿ ಪಾರ್ಸೆಲ್ ಹಾಕಿದ್ದರು. ಎಲ್ಲಿ ಕುಳಿತಿತ್ತೋ, ನನ್ನ ಕೈ ಸೇರುವ ಹೊತ್ತಿಗೆ ಒಂದು ವಾರ ದಾಟಿತ್ತು. ಬಿಚ್ಚಿದರೆ ಕೊಳೆತ ಹುಲ್ಲಿನ ವಾಸನೆ, ಕಪ್ಪಗಾದ ಲೋಳೆ. ಬೀಜವಾಗಿದ್ದರೆ ಅಂಚೆಯ ಲಕೋಟೆಯಲ್ಲಿ ತಿಂಗಳು ಕುಳಿತರೂ ಬದುಕಿರುತ್ತಿತ್ತು. ಗೆಣಸಿನ ತಳಿ ಹರಡುವುದು ನಿಧಾನವಾಗಲು ಇದೊಂದೇ ಸಾಕು. ಹಾಸನದ ಆಲೂಗಡ್ಡೆಯವರು ಪ್ರತಿ ವರ್ಷ ಜಲಂಧರ್‌ನ ಬಿತ್ತನೆ ಗಡ್ಡೆಗೆ ಕಾಯುತ್ತಾರಲ್ಲ, ಅದು ಲಾರಿಯಲ್ಲಿ ಬರುತ್ತದೆ, ಅದಕ್ಕೊಂದು ವ್ಯಾಪಾರವಿದೆ, ದಲ್ಲಾಳಿಗಳಿದ್ದಾರೆ. ಗೆಣಸಿನ ಬಳ್ಳಿಗೆ ಅದಾವುದೂ ಇಲ್ಲ. ಒಬ್ಬರ ಬೇಲಿಯಿಂದ ಇನ್ನೊಬ್ಬರ ಬೇಲಿಗೆ ಹೋದರೆ ಅದೇ ಅದರ ಸಾಗಾಣಿಕೆ.

ಕಾಯಿ

ಎರಡನೇ ಹಂಗಾಮಿನಲ್ಲಿ ಚಿಕ್ಕಮ್ಮ ಅನಾಮಿಕವನ್ನು ಒಂದೇ ಒಂದು ಸಾಲು ಉಳಿಸಿಕೊಂಡರು, ಹಸುವಿಗಾಗಲಿ ಎಂದು. ಆ ಸಾಲು ಊರ ಗೆಣಸಿನ ಮಗ್ಗುಲಲ್ಲೇ ಇತ್ತು.

ಡಿಸೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ ಹೊಲದಲ್ಲಿದ್ದೆ. ಹಗಲು ಮೊಟಕಾದ ದಿನಗಳಲ್ಲಿ ಗೆಣಸು ಹೂ ಬಿಡುತ್ತದೆ. ತೆಳು ನೇರಳೆಯ ತುತ್ತೂರಿ, ನಡುವೆ ಕಡುಬಣ್ಣದ ಗಂಟಲು. ಬೆಳಗಾಗುವಾಗ ಅರಳಿ ಬಿಸಿಲೇರುವ ಹೊತ್ತಿಗೆ ಬಾಡಿಬಿಡುತ್ತದೆ, ಹಾಗಾಗಿ ತಡವಾಗಿ ಏಳುವವರು ಗೆಣಸಿಗೆ ಹೂವಿಲ್ಲ ಎನ್ನುತ್ತಾರೆ. ಆ ದಿನ ಬಾಡಿದ ಹೂಗಳ ಹಿಂದೆ ಕಡಲೆಕಾಳಿನ ಗಾತ್ರದ, ದುಂಡಗಿನ, ಹಸಿರು ಗುಂಡುಗಳು ಕಂಡವು. ಚಿಕ್ಕಮ್ಮನನ್ನು ಕರೆದು ತೋರಿಸಿದೆ.

"ಗೆಣಸಿನಲ್ಲಿ ಕಾಯಿ ಕಂಡವರುಂಟೇನೋ? ಯಾವುದೋ ಕಾಡುಬಳ್ಳಿ ಸೇರಿಕೊಂಡಿರಬೇಕು, ನೋಡು."

ಬುಡದವರೆಗೆ ಬಳ್ಳಿ ಬಿಡಿಸಿಕೊಂಡು ಹೋದೆವು. ಬುಡದಲ್ಲಿ ಕೆಂಪು ಸಿಪ್ಪೆಯ ಗೆಣಸೇ ಇತ್ತು. ಚಿಕ್ಕಮ್ಮ ಮದುವೆಯಾಗಿ ಬಂದಾಗಿನಿಂದ ನೆಟ್ಟ ಗೆಣಸು. ಆ ಮಣ್ಣಿನಲ್ಲಿ ಅವರು ಅದರ ಕಾಯಿ ನೋಡಿದ್ದು ಅದೇ ಮೊದಲು.

ಇದರ ಹಿಂದಿನ ಕಾರಣ ನನಗೆ ಈ ಇಡೀ ಪ್ರಕರಣದಲ್ಲೇ ಅತಿ ರುಚಿಯಾದದ್ದು. ಗೆಣಸಿನ ಹೂವಿಗೆ ತನ್ನದೇ ಪರಾಗ ಆಗುವುದಿಲ್ಲ. ಬಳ್ಳಿ ತುಂಡರಿಸಿ ನೆಡುವುದರಿಂದ ಎಂಟು ಗುಂಟೆಯ ಸಾವಿರಾರು ಬುಡಗಳೂ ವಂಶದ ಲೆಕ್ಕದಲ್ಲಿ ಒಂದೇ ಗಿಡ. ಅಕ್ಕಪಕ್ಕದ ಹೊಲದವರೂ ಇದೇ ಬಳ್ಳಿ ಹಂಚಿಕೊಂಡವರು. ಜೇನು ಇಡೀ ಹೊಲ ಸುತ್ತಿದರೂ ಹೂವಿಗೆ ತಲುಪುತ್ತಿದ್ದುದು ಅದರದೇ ಪರಾಗ, ಕಾಯಿ ಕಟ್ಟಲು ದಾರಿಯೇ ಇರಲಿಲ್ಲ. ಬೇರೆ ವಂಶದ ಅನಾಮಿಕ ಮಗ್ಗುಲಿಗೆ ಬಂದು ಹೂ ಬಿಟ್ಟ ವರ್ಷ ಕಾಯಿಯಾಯಿತು. ಅಡುಗೆಮನೆಯಲ್ಲಿ ತಿರಸ್ಕಾರಕ್ಕೊಳಗಾದ ಗೆಣಸು ಹೊಲದಲ್ಲಿ ಸಂಬಂಧ ಬೆಳೆಸಿತ್ತು.

ಇಂಥ ಕಾಯಿಯ ಒಳಗಿನ ಪ್ರತಿ ಬೀಜವೂ ಹೊಸ ತಳಿ. ಬಟಾಣಿಯಲ್ಲಿ ಮೆಂಡಲ್ ಮಾಡಿದ ಮೂರಕ್ಕೊಂದರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಟಾಣಿಯಲ್ಲಿ ವರ್ಣತಂತುಗಳು ಏಳರ ಎರಡು ಕಟ್ಟಾಗಿದ್ದರೆ ಗೆಣಸಿನಲ್ಲಿ ಹದಿನೈದರ ಆರು ಕಟ್ಟು, ಒಟ್ಟು 90. ಇಸ್ಪೀಟಿನ ಆರು ಕಟ್ಟುಗಳನ್ನು ಕಲೆಸಿ ಹಂಚಿದ ಹಾಗೆ. ಯಾವ ಬೀಜಕ್ಕೆ ಯಾವ ಎಲೆ ಬಿತ್ತೆಂದು ಅಗೆದು ನೋಡುವವರೆಗೆ ತಿಳಿಯದು. ಆದರೆ ಬಳ್ಳಿಯ ಬೆಳೆಗೆ ಒಂದು ದೊಡ್ಡ ಅನುಕೂಲವಿದೆ. ರಾಗಿಯಲ್ಲೋ ಭತ್ತದಲ್ಲೋ ಒಳ್ಳೆಯದೊಂದು ಗಿಡ ಸಿಕ್ಕಿದರೂ ಅದರ ಗುಣ ಸ್ಥಿರವಾಗಲು ತಲೆಮಾರುಗಳು ಬೇಕು. ಗೆಣಸಿನಲ್ಲಿ ಸಿಕ್ಕಿದ ದಿನವೇ ಅದು ಸ್ಥಿರ. ತುಂಡರಿಸಿ ನೆಟ್ಟರೆ ಅದೇ ಬರುತ್ತದೆ.

ಮೂವತ್ತೊಂದು ಸಸಿ

ಒಣಗಿ ಕಂದಾದ ಕಾಯಿಗಳಿಂದ ಐವತ್ತರ ಹತ್ತಿರ ಬೀಜ ಸಿಕ್ಕಿದವು. ಕಪ್ಪು, ಗಟ್ಟಿ, ಸಾಸಿವೆಗಿಂತ ದೊಡ್ಡವು. ಮೊದಲು ಹತ್ತನ್ನು ರಾತ್ರಿ ನೀರಲ್ಲಿ ನೆನೆಸಿ ಹಾಕಿದೆ. ಮೂರು ವಾರವಾದರೂ ಒಂದೂ ಹುಟ್ಟಲಿಲ್ಲ. ಕೆದಕಿ ನೋಡಿದರೆ ಹಾಕಿದಾಗ ಇದ್ದ ಹಾಗೇ ಇದ್ದವು, ನೀರೇ ಒಳಗೆ ಹೋಗಿರಲಿಲ್ಲ. ಸಂಶೋಧನಾಲಯಗಳಲ್ಲಿ ಗಂಧಕಾಮ್ಲದಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಸಿಪ್ಪೆ ಸವೆಸುತ್ತಾರೆ. ಶಾಲೆಯ ಆಮ್ಲದ ಬಾಟಲಿಗೆ ಕೈ ಹಾಕುವ ಧೈರ್ಯ ನನಗಾಗಲಿಲ್ಲ. ಉಗುರು ಕತ್ತರಿ ಸಾಕಾಯಿತು. ಬೀಜ ಕಾಯಿಗೆ ಅಂಟಿಕೊಂಡಿದ್ದ ಮಚ್ಚೆಯ ಎದುರು ಬದಿಯಲ್ಲಿ, ಒಳಗಿನ ಬಿಳಿ ಇಣುಕುವಷ್ಟು ಮಾತ್ರ ಚಿವುಟಬೇಕು. ಚಿವುಟಿದ ಬೀಜ ಮರುದಿನ ಬೆಳಗ್ಗೆಗೆ ಎರಡರಷ್ಟು ಉಬ್ಬಿರುತ್ತದೆ. ಹೀಗೆ ಮೂವತ್ತೊಂದು ಸಸಿಗಳಾದವು. ಮೊದಲ ಎಲೆ ಎರಡು ಕವಲಾಗಿ ಸೀಳಿರುತ್ತದೆ, ಆಮೇಲೆ ಬರುವ ಎಲೆಗಳಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ.

ಮೂವತ್ತೊಂದು ಎಂದು ಹೆಮ್ಮೆಯಿಂದ ಬರೆದರೂ ಲೆಕ್ಕ ಗೊತ್ತಿರಲಿ. ತಳಿ ಕೇಂದ್ರಗಳಲ್ಲಿ ಸಾವಿರಗಟ್ಟಲೆ ಸಸಿ ಬೆಳೆಸಿ ಕೊನೆಗೆ ಒಂದೆರಡನ್ನು ಉಳಿಸಿಕೊಳ್ಳುತ್ತಾರೆ. ನಮ್ಮದು ಜೇನಿನ ಕೈಯಲ್ಲಿ ಬಿಟ್ಟ ಕೆಲಸ, ಅದೃಷ್ಟದ ಪಾಲೇ ಹೆಚ್ಚು.

ಸಸಿಯಿಂದ ಬೆಳೆದ ಮೊದಲ ಬುಡದ ಗಡ್ಡೆ ನೋಡಿ ತೀರ್ಪು ಕೊಡಬಾರದು. ಅದರಿಂದ ಕತ್ತರಿಸಿದ ಬಳ್ಳಿ ನೆಟ್ಟು, ಅದರಲ್ಲಿ ಬಂದ ಗಡ್ಡೆ ನೋಡಬೇಕು. ಹೀಗಾಗಿ ಮೂರನೇ ಹಂಗಾಮಿನಲ್ಲಿ ಪ್ರತಿಯೊಂದರಿಂದಲೂ ಒಂದು ಡಜನ್ ತುಂಡು ನೆಟ್ಟು, ಲಗ್ನಪತ್ರಿಕೆಗಳನ್ನು ಕತ್ತರಿಸಿ ಅದರ ಮೇಲೆ ಸಂಖ್ಯೆ ಬರೆದು ಗೂಟಕ್ಕೆ ಕಟ್ಟಿದೆವು. ಅಗೆದ ದಿನ ಒಂದು ಮೇಳದ ಹಾಗಿತ್ತು. ಏಳರಲ್ಲಿ ಗಡ್ಡೆಯೇ ಇಲ್ಲ, ಪೆನ್ಸಿಲ್ ದಪ್ಪದ ಬೇರು. ಕೆಲವು ಬಿರುಕು ಬಿಟ್ಟವು, ಕೆಲವು ಹಾವಿನ ಹಾಗೆ ಉದ್ದ. ಒಂದು ಮಾತ್ರ ಮುಷ್ಟಿಗಾತ್ರದ ಐದು ಗಡ್ಡೆ ಗೊಂಚಲಾಗಿ ಕೊಟ್ಟಿತು, ಬಾಯಿಗಿಟ್ಟರೆ ನಾರೋ ನಾರು. ಕೊಯ್ದು ನೋಡಿದಾಗ ಮುಕ್ಕಾಲು ಪಾಲು ಬಿಳಿ ಅಥವಾ ಕೆನೆಬಣ್ಣ. ಬಿಳಿಯದರ ಜೊತೆ ಕೂಡಿದಾಗ ಕಿತ್ತಳೆ ಹಿಂದೆ ಸರಿಯುವುದು ಸಹಜ. ಹಳದಿ ಇದ್ದವು ಐದು, ಕಣ್ಣು ಸೆಳೆಯುವ ಕಿತ್ತಳೆ ಇದ್ದದ್ದು ಎರಡೇ: 4 ಮತ್ತು 22.

ನಾಲ್ಕರ ಮೇಲೆ ನನಗೆ ಬಹಳ ಆಸೆಯಿತ್ತು. ಬಣ್ಣ ಗಾಢ, ಒಣಗಿಸಿ ತೂಗಿದರೆ ಅನಾಮಿಕಕ್ಕಿಂತ ಮೇಲು. ಅದನ್ನು ಮೂತಿ ಹುಳು ತಿಂದಿತು. ತಪ್ಪು ನಮ್ಮದೇ. ಅದೇ ಎಂಟು ಗುಂಟೆಯಲ್ಲಿ ವರ್ಷ ವರ್ಷವೂ ಗೆಣಸೇ ನೆಟ್ಟರೆ ಆ ಹುಳುವಿಗೆ ಬಾಡಿಗೆಯಿಲ್ಲದ ಮನೆ ಕಟ್ಟಿಕೊಟ್ಟಂತೆ. ನೋಡಲು ದೊಡ್ಡ ಇರುವೆಯ ಹಾಗಿರುತ್ತದೆ, ಕಪ್ಪು ನೀಲಿ ಮೈ, ಕೆಂಪು ಕತ್ತು, ಉದ್ದ ಮೂತಿ. ಮಣ್ಣು ಬಿರುಕು ಬಿಟ್ಟಲ್ಲಿ ಇಳಿದು ಗಡ್ಡೆಯಲ್ಲಿ ಮೊಟ್ಟೆಯಿಡುತ್ತದೆ. ನಾಲ್ಕರ ಗಡ್ಡೆಗಳು ಕುಳಿತಿದ್ದದ್ದು ಮೇಲ್ಮಣ್ಣಿನಲ್ಲಿ, ಮಣ್ಣು ಏರಿಸುವುದನ್ನು ನಾನು ಎರಡು ವಾರ ಮುಂದೂಡಿದ್ದೆ. ಹುಳು ಬಿದ್ದ ಗೆಣಸು ತನ್ನನ್ನು ಕಾಪಾಡಿಕೊಳ್ಳಲು ಕಹಿ ರಸ ಹುಟ್ಟಿಸಿಕೊಳ್ಳುತ್ತದೆ. ಒಂದು ಮೂಲೆ ತೂತಾದರೂ ಇಡೀ ಗಡ್ಡೆ ಬಾಯಿಗಿಡುವಂತಿರುವುದಿಲ್ಲ. ಅದನ್ನು ದನಕ್ಕೆ ಹಾಕಲು ಹೋದವನನ್ನು ಚಿಕ್ಕಮ್ಮ ಗದರಿದರು. ಕೆಟ್ಟ ಗೆಣಸು ತಿಂದ ದನಕ್ಕೆ ಉಸಿರು ಕಟ್ಟುತ್ತದೆ ಎಂಬುದು ಅವರ ಅತ್ತೆಯಿಂದ ಬಂದ ಮಾತು. ಬೂಷ್ಟು ಹಿಡಿದ ಗೆಣಸಿನ ವಿಷ ದನದ ಶ್ವಾಸಕೋಶಕ್ಕೆ ಬೀಳುತ್ತದೆ ಎಂದು ಪಶುವೈದ್ಯಶಾಸ್ತ್ರವೂ ಹೇಳುತ್ತದೆ.

ನಾಲ್ಕನೇ ಹಂಗಾಮಿಗೆ ಗೆಣಸನ್ನು ರಾಗಿಯ ಹೊಲಕ್ಕೆ, ರಾಗಿಯನ್ನು ಗೆಣಸಿನ ಪಟ್ಟಿಗೆ ಬದಲಾಯಿಸಿದೆವು. ಹೆಣ್ಣು ಹುಳುವಿನ ವಾಸನೆ ತೋರಿಸಿ ಗಂಡು ಹುಳುಗಳನ್ನು ಹಿಡಿಯುವ ಎರಡು ಮೋಹಕ ಬಲೆ ತೂಗುಹಾಕಿದೆವು. ಮಣ್ಣು ಏರಿಸುವುದನ್ನು ಮಾತ್ರ ಚಿಕ್ಕಮ್ಮ ನನ್ನ ಪಾಲಿಗೆ ಬಿಡಲಿಲ್ಲ.

ಬೇಸಿಗೆಯ ಮಾತೂ ಹೇಳಬೇಕು. ಜನವರಿಯಲ್ಲಿ ಅಗೆದ ಮೇಲೆ ಜೂನ್‌ವರೆಗೆ ಬಳ್ಳಿಯನ್ನು ಜೀವಂತ ಇಡುವುದೇ ಈ ಬೆಳೆಯ ನಿಜವಾದ ಪರೀಕ್ಷೆ. ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಬಚ್ಚಲ ನೀರು ಹರಿದುಹೋಗುವ ಬಾಳೆಯ ಬುಡವೇ ಆ ಐದು ತಿಂಗಳ ಆಸರೆ. ಅಲ್ಲಿ ಮೂವತ್ತೊಂದಕ್ಕೂ ಜಾಗವಿರಲಿಲ್ಲ, ಹಾಗಾಗಿ ಎಷ್ಟನ್ನು ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದ್ದು ಬಚ್ಚಲ ನೀರು. ಒಂಬತ್ತು ಉಳಿದವು. 22 ಅಲ್ಲಿಯೇ ಒಣಗಿತು. ಎಲೆಯಲ್ಲಿ ಮಚ್ಚೆಯೋ ಮುರುಟೋ ಕಂಡ ಬಳ್ಳಿಗಳನ್ನೂ ಕಿತ್ತೆಸೆದೆವು. ಬಳ್ಳಿಯಿಂದ ಬಳ್ಳಿಗೆ ನಂಜುರೋಗ (ವೈರಸ್) ದಾಟಿ ವರ್ಷ ವರ್ಷವೂ ಇಳುವರಿ ಜಗ್ಗುತ್ತದೆ.

ಕತ್ತಲಲ್ಲಿ ತಿಂದದ್ದು

ಒಂಬತ್ತರಲ್ಲಿ ಆರಿಸುವುದು ಹೇಗೆಂದು ನಾನು ಒಂದು ಪಟ್ಟಿ ಮಾಡಿದ್ದೆ: ಇಳುವರಿ, ಬಣ್ಣ, ಒಣ ಅಂಶ, ನಾರು. ಪ್ರತಿಯೊಂದಕ್ಕೂ ಹತ್ತು ಅಂಕ. ಆ ಪಟ್ಟಿ ಉಪಯೋಗಕ್ಕೆ ಬರಲಿಲ್ಲ.

ನಾಲ್ಕನೇ ಹಂಗಾಮಿನಲ್ಲಿ ಅಗೆದ ಮೇಲೆ ಒಂದು ಸಂಜೆ ಒಂಬತ್ತನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೇ ಹಂಡೆಯಲ್ಲಿ ಬೇಯಲು ಇಟ್ಟಿದ್ದೆವು. ಪಕ್ಕದ ಮನೆಯವರು, ಮಕ್ಕಳು ಸೇರಿ ಹತ್ತು ಹನ್ನೆರಡು ಜನ ಜಗಲಿಯಲ್ಲಿದ್ದರು. ಬಿಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಒಲೆಯ ಕೆಂಡದ ಬೆಳಕಿನಲ್ಲಿ ಚೀಟಿ ಓದಿ ಹಂಚುವುದು ನನ್ನೊಬ್ಬನ ಕೆಲಸವಾಯಿತು, ತಿನ್ನುವವರಿಗೆ ಬಣ್ಣ ಕಾಣುತ್ತಿರಲಿಲ್ಲ. ಬಣ್ಣ ಕಾಣದಿದ್ದಾಗ ಮಾತೇ ಬದಲಾಯಿತು. ಹಿಂದಿನ ವರ್ಷ ಹಳದಿ ಎಂದು ಮುಟ್ಟದೇ ಇದ್ದವರು, ಇದು ನಮ್ಮ ಊರ ಗೆಣಸೇ, ಈ ಸಲ ಸಿಹಿ ಜಾಸ್ತಿ ಬಂದಿದೆ ಎಂದರು. ಚಿಕ್ಕಮ್ಮ ಒಂದನ್ನು ಮುರಿದು, ಕೆನ್ನೆಯ ಮಗ್ಗುಲಿಗೆ ಒತ್ತರಿಸಿ, ತುಸು ಹೊತ್ತು ಸುಮ್ಮನಿದ್ದು, "ಇದು ಗಂಟಲು ಹಿಡಿಯುತ್ತದೆ, ಇದನ್ನು ಇಡು" ಎಂದರು. ಚೀಟಿ ನೋಡಿದೆ. ಹದಿನೇಳು.

ಬೆಳಗ್ಗೆ ಬೆಳಕಿನಲ್ಲಿ ನೋಡಿದರೆ ಅರಿಶಿನ ಕಲಸಿದ ಹಿಟ್ಟಿನ ಬಣ್ಣ. ಮಧ್ಯದಲ್ಲಿ ತೆಳುವಾಗಿ ಕಿತ್ತಳೆಯ ಉಂಗುರ. ಒಣಗಿಸಿದಾಗ ಊರ ಗೆಣಸಿಗಿಂತ ಕೂದಲೆಳೆ ಕಡಿಮೆ. ಸಿಹಿಯ ಗುಟ್ಟು ಅರ್ಧ ಬೇಯಿಸಿದ ರೀತಿಯಲ್ಲೂ ಇತ್ತು. ಹಂಡೆಯಲ್ಲಿ ನಿಧಾನ ಉರಿಯಲ್ಲಿ ಬೇಯುವಾಗ ಗೆಣಸಿನೊಳಗಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ಅದಕ್ಕೆ ಅಷ್ಟು ಸಮಯ ಸಿಗುವುದಿಲ್ಲ.

ಹಳದಿ ಗೆಣಸಿನಲ್ಲಿ ಕ್ಯಾರೊಟಿನ್ ಇದೆ, ಗಾಢ ಕಿತ್ತಳೆಯಷ್ಟು ಇಲ್ಲ. ಬಣ್ಣದಿಂದ ಅಂದಾಜು ಮಾಡಿದರೆ ಭೂ ಸೋನಾದ ಹತ್ತಿರಕ್ಕೂ ಅದು ಬರಲಾರದು. ಇಳುವರಿಯಲ್ಲಿ ಅನಾಮಿಕಕ್ಕಿಂತ ಹಿಂದೆ, ಊರ ಗೆಣಸಿಗಿಂತ ತುಸು ಮುಂದೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಹಾಗಾದರೆ ಐದು ವರ್ಷ ಕಷ್ಟಪಟ್ಟು ನೀವು ಇನ್ನೊಂದು ಮಧ್ಯಮ ದರ್ಜೆಯ ಗೆಣಸು ಮಾಡಿದ್ದೀರಿ ಎಂದು ನಕ್ಕರು. ಅವರ ಮಾತಿನಲ್ಲಿ ಸುಳ್ಳಿಲ್ಲ. ನನ್ನ ನೋಟ್‌ಬುಕ್ಕು ಹೇಳುವುದು ಇಷ್ಟು: ಅನಾಮಿಕವನ್ನು ಆ ಮನೆಯಲ್ಲಿ ಒಂದು ಮಗು ಒಂದು ಹಬ್ಬದ ದಿನ ತಿಂದಿತು. ಐದನೇ ಹಂಗಾಮಿನಲ್ಲಿ ಹದಿನೇಳನ್ನು ಜನವರಿಯಿಂದ ಫೆಬ್ರವರಿಯ ಕೊನೆಯವರೆಗೆ ಮನೆಮಂದಿಯೆಲ್ಲ ತಿಂದರು, ಅದರಲ್ಲಿ ಆ ಮಗುವೂ ಇತ್ತು. ಮಗುವಿಗೆ ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಬೀಳುತ್ತಿತ್ತು, ಹಿತ್ತಲಲ್ಲಿ ನುಗ್ಗೆಯೂ ಪಪ್ಪಾಯಿಯೂ ಇದ್ದವು. ಗೆಣಸೊಂದೇ ಅದರ ಕಣ್ಣು ಕಾಯಿತು ಎಂದು ನಾನು ಹೇಳುವುದಿಲ್ಲ.

ಈ ಬಳ್ಳಿಯನ್ನು ತಳಿ ಎಂದು ಕರೆಯಲು ನನಗೆ ಸಂಕೋಚ. ಒಂದೇ ಊರು, ಎರಡು ಬಗೆಯ ಮಣ್ಣು, ಮೂರು ಹಂಗಾಮು. ಶ್ರವಣಬೆಳಗೊಳದ ಕಡೆಯ ಒಣಭೂಮಿಯಲ್ಲಿ, ಸಕಲೇಶಪುರದ ಮಳೆಯಲ್ಲಿ ಅದು ಏನು ಮಾಡುತ್ತದೋ ನೆಟ್ಟವರಿಲ್ಲ. ದೊಡ್ಡ ಕೇಂದ್ರಗಳಲ್ಲಿ ಈಗ ವರ್ಷಗಳನ್ನು ಉಳಿಸಲು ಆರಂಭದಲ್ಲೇ ಹಲವು ಊರುಗಳಲ್ಲಿ ಒಟ್ಟಿಗೆ ನೆಟ್ಟು ನೋಡುತ್ತಾರೆ. ನಮಗೆ ಅಂಥ ಅನುಕೂಲವಿರಲಿಲ್ಲ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಆಲೂಗಡ್ಡೆಗೆ ಬೇರುಬಿಟ್ಟ ಕುಡಿಸಸಿಗಳನ್ನು ಮಾಡಿ ರೈತರ ಕೈಗೆ ಕೊಡುವ ಕೆಲಸ ನಡೆದಿದೆ, ನಂಜಿಲ್ಲದ ಸಸ್ಯದಿಂದ ಕುಡಿ ಎತ್ತಿ ಹೆಚ್ಚಿಸುವ ವಿಧಾನ. ಗೆಣಸಿಗೂ ನಮ್ಮ ಜಿಲ್ಲೆಯಲ್ಲಿ ಅಂಥದೊಂದು ಮಡಿ ಇದ್ದಿದ್ದರೆ ನನ್ನ ಪಾರ್ಸೆಲ್ ಕೊಳೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಬಂದಿದೆ, ಅದರಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು ಎಂದು ಚಿಕ್ಕಮ್ಮನಿಗೆ ಹೇಳಿದೆ. ನೋಂದಾಯಿಸಿದರೆ ಪಕ್ಕದ ಮನೆಯವರು ಬಳ್ಳಿ ಕೇಳಿದಾಗ ಕೊಡಬಹುದೋ ಇಲ್ಲವೋ ಎಂದು ಕೇಳಿದರು. ಕೊಡಬಹುದು ಎಂದೆ. "ಹಾಗಾದರೆ ಈಗಲೂ ಕೊಡುತ್ತಿದ್ದೇನಲ್ಲ" ಎಂದು ಮಾತು ಮುಗಿಸಿದರು.

ಕಳೆದ ಜೂನ್‌ನಲ್ಲಿ ಆರು ಮನೆಗಳಿಗೆ ಹದಿನೇಳರ ಕಂತೆ ಹೋಯಿತು. ಅನಾಮಿಕಕ್ಕೆ ಆದ ಗತಿ ಇದಕ್ಕಾಗದಿರಲೆಂದು ಪ್ರತಿ ಕಂತೆಗೂ ಲಗ್ನಪತ್ರಿಕೆಯ ತುಂಡಿನಲ್ಲಿ ಸಂಖ್ಯೆ, ತಾಯಿ ಬಳ್ಳಿ ಯಾವುದು, ಬೀಜ ಸಿಕ್ಕಿದ ಹಂಗಾಮು ಯಾವುದು ಎಂದು ಬರೆದು ಕಟ್ಟಿ ಕೊಟ್ಟೆ. ಎರಡು ವಾರ ಬಿಟ್ಟು ಹೋದಾಗ ಮೇಲುಮನೆಯ ಅಕ್ಕ ಬೇಲಿಯಾಚೆಯಿಂದ ಕೂಗಿದರು.

"ಮೇಷ್ಟ್ರೇ, ನಿಮ್ಮ ಚೀಟಿಯನ್ನು ಮೇಕೆ ತಿಂದಿತು. ಜೊತೆಗೆ ನಾಲ್ಕು ಕುಡಿಯನ್ನೂ ತಿಂದಿತು. ನಂಬರ್ ಎಷ್ಟು ಅಂದಿದ್ದಿರಿ?"

ಅವರ ಮನೆಯ ಹಳೆಯ ಎಣ್ಣೆಡಬ್ಬಿಯ ಮುಚ್ಚಳವನ್ನು ಕತ್ತರಿಸಿಕೊಂಡು, ಮೊಳೆಯಿಂದ ಕೊರೆದು 17 ಎಂದು ಬರೆದು, ತಂತಿ ಹಾಕಿ ಗೂಟಕ್ಕೆ ಬಿಗಿದು ಬಂದೆ.